ತೊಳೆದಷ್ಟೂ ಕೆಡುವ ನೀರು: ಮನೆ ಅಕ್ವೇರಿಯಂ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವು. ಊರು ಬೇರೆ, ದೂರು ಒಂದೇ: ನೀರು ನೋಡಲು ತಿಳಿಯಾಗಿದೆ, ಮೀನು ಮಾತ್ರ ಉಳಿಯುತ್ತಿಲ್ಲ. ಎಷ್ಟೋ ಜನ ಮೀನು ಬದಲಿಸುತ್ತಾರೆ, ಔಷಧ ಬದಲಿಸುತ್ತಾರೆ, ಅಂಗಡಿಯನ್ನೂ ಬದಲಿಸುತ್ತಾರೆ. ನೀರಿನ ಕಡೆ ನೋಡುವುದು ಕಡೆಗೆ. ಅದಕ್ಕೇ ಈ ಸಂಚಿಕೆಯನ್ನು ಪೂರ್ತಿ ನೀರಿಗೇ ಬಿಟ್ಟಿದ್ದೇನೆ.

ನಮ್ಮದು ಎರಡು ಅಡಿ ಟ್ಯಾಂಕ್. ಪ್ರತಿ ಭಾನುವಾರ ಮೀನುಗಳನ್ನು ಬಕೆಟ್‌ಗೆ ಹಾಕಿ, ಇದ್ದ ನೀರೆಲ್ಲ ಚೆಲ್ಲಿ, ಕಲ್ಲು, ಗಾಜು, ಫಿಲ್ಟರಿನ ಸ್ಪಾಂಜ್ ಎಲ್ಲವನ್ನೂ ಸೋಪು ಹಾಕಿ ತೊಳೆದು ಹೊಸ ನೀರು ತುಂಬುತ್ತೇನೆ. ಇಷ್ಟು ಸ್ವಚ್ಛ ಇಟ್ಟರೂ ಬುಧವಾರದ ಹೊತ್ತಿಗೆ ನೀರು ಬೆಳ್ಳಗೆ ಮಬ್ಬಾಗುತ್ತದೆ, ಒಂದೋ ಎರಡೋ ಮೀನು ಸಾಯುತ್ತವೆ. ಮಕ್ಕಳು ಅಳುತ್ತಾರೆ. ಇನ್ನೂ ಏನು ಮಾಡಬೇಕು?
ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಅಕ್ಕಾರೇ, ಇನ್ನೂ ಏನೂ ಮಾಡುವುದು ಬೇಡ, ಮಾಡುವುದನ್ನು ಕಡಿಮೆ ಮಾಡಿ. ಭಾನುವಾರದ ಆ ತೊಳೆಯುವ ಕೆಲಸ ಮೊದಲು ನಿಲ್ಲಿಸಿ, ಮೀನು ಸಾಯುತ್ತಿರುವುದು ಅದರಿಂದಲೇ.

ಹೇಗೆ ಅಂತ ಹೇಳುತ್ತೇನೆ. ಮೀನು ತಿಂದು ಹಾಕುವ ಹೊಲಸಿನಿಂದ, ತಿನ್ನದೆ ಬಿಟ್ಟ ಕಾಳಿನಿಂದ, ಅದರ ಕಿವಿರಿನಿಂದಲೇ ನೇರವಾಗಿ ಕೂಡ, ನೀರಿಗೆ ಅಮೋನಿಯಾ ಸೇರುತ್ತದೆ. ಇದಕ್ಕೆ ಬಣ್ಣವಿಲ್ಲ. ಮೀನಿಗೆ ತೊಂದರೆ ಕೊಡುವಷ್ಟು ಪ್ರಮಾಣದಲ್ಲಿದ್ದರೂ ನಮ್ಮ ಮೂಗಿಗೆ ವಾಸನೆ ಬರುವುದಿಲ್ಲ. ಒಂದು ಜಾತಿಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಲೀಟರಿಗೆ 40 ಮಿಲಿಗ್ರಾಂ ದಾಟದಂತೆ ನೋಡಿಕೊಂಡರೆ ಸಾಕು, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಈ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಲ್ಲ, ಸ್ಪಾಂಜ್‌ನ ತೂತುಗಳಲ್ಲಿ, ಕಲ್ಲಿನ ಮೈಮೇಲೆ. ಮುಟ್ಟಿದರೆ ಜಾರುತ್ತದಲ್ಲ, ಆ ತೆಳು ಲೋಳೆಯಲ್ಲೇ ಇವು ಇರುತ್ತವೆ. ನೀವು ಅದನ್ನೇ ಸೋಪು ಹಾಕಿ ತಿಕ್ಕಿ ಚೆಲ್ಲುತ್ತಿದ್ದೀರಿ. ಭಾನುವಾರ ಅಷ್ಟೂ ಹೋಯಿತು, ಸೋಮವಾರದಿಂದ ಅಮೋನಿಯಾ ಏರಿತು, ಬುಧವಾರ ಮೀನು ಸತ್ತಿತು. ಬೆಳ್ಳಗಿನ ಮಬ್ಬು ಬರುವುದು ಬೇರೊಂದು ಜಾತಿಯ ಬ್ಯಾಕ್ಟೀರಿಯಾದಿಂದ. ಟ್ಯಾಂಕ್ ಖಾಲಿ ಸಿಕ್ಕಿತೆಂದು ಅವು ಏಕಾಏಕಿ ಹೆಚ್ಚಿಕೊಳ್ಳುತ್ತವೆ. ಆ ಮಬ್ಬನ್ನು ತೆಗೆಯಲೆಂದು ಮತ್ತೆ ನೀರು ಚೆಲ್ಲಿದರೆ ಮತ್ತೆ ಅದೇ ಕಥೆ.

ಇನ್ನು ಮುಂದೆ ಹೀಗೆ ಮಾಡಿ. ನಿಮ್ಮದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಆಗಿದ್ದರೆ ಲೆಕ್ಕಕ್ಕೆ 56 ಲೀಟರ್, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾದ ನೀರು 45 ಲೀಟರ್ ಆಸುಪಾಸು. ವಾರಕ್ಕೊಮ್ಮೆ ಅದರಲ್ಲಿ ಕಾಲು ಭಾಗ, ಅಂದರೆ ಒಂದು ಕೊಡದಷ್ಟು, ಪೈಪ್ ಬಿಟ್ಟು ಕಲ್ಲಿನ ಸಂದಿಯಲ್ಲಿ ಕೂತ ಹೊಲಸಿನ ಸಮೇತ ಎಳೆದು ತೆಗೆಯಿರಿ. ಅಷ್ಟೇ ಹೊಸ ನೀರು ನಿಧಾನಕ್ಕೆ ಹಾಕಿ. ಸ್ಪಾಂಜ್ ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ತೆಗೆದ ಅದೇ ನೀರಿನಲ್ಲಿ ಎರಡು ಮೂರು ಸಲ ಹಿಂಡಿ ಮತ್ತೆ ಹಾಕಿ, ನಳದ ಕೆಳಗೆ ಹಿಡಿಯಬೇಡಿ. ಸೋಪಂತೂ ಟ್ಯಾಂಕಿನ ಹತ್ತಿರ ಸುಳಿಯಲೇಬಾರದು. ತೆಗೆದ ನೀರು ಗಿಡಕ್ಕೆ ಬಹಳ ಒಳ್ಳೆಯದು. ತುಳಸಿಗೆ ಹಾಕಲು ಮನಸ್ಸಾಗದಿದ್ದರೆ ಮಲ್ಲಿಗೆ ಬಳ್ಳಿಗೋ ಕರಿಬೇವಿಗೋ ಹಾಕಿ.

ಈಗಿರುವ ಮೀನು ಉಳಿಯಬೇಕಲ್ವಾ? ಬ್ಯಾಕ್ಟೀರಿಯಾ ಮತ್ತೆ ನೆಲೆ ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಕಾಳು ದಿನಕ್ಕೊಮ್ಮೆ, ಅದೂ ಎರಡು ನಿಮಿಷದಲ್ಲಿ ಮುಗಿಯುವಷ್ಟು. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ಮೀನು ತರಬೇಡಿ. ಪರಿಚಯದವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಹಳೆಯ ಟ್ಯಾಂಕ್ ಇದ್ದರೆ, ಅವರ ಫಿಲ್ಟರಿನ ಹಳೆ ಸ್ಪಾಂಜ್‌ನ ತುಂಡೊಂದನ್ನು ಕೇಳಿ ಪಡೆದು, ಅದೇ ನೀರಿನಲ್ಲಿ ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಆದರೆ ಆ ಟ್ಯಾಂಕಿನಲ್ಲಿ ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಧಾರವಾಡದಲ್ಲಿ ನಮ್ಮ ಓಣಿಗೆ ನಳ ಬರುವುದೇ ಐದಾರು ದಿನಕ್ಕೊಮ್ಮೆ. ಬಂದ ದಿನ ಕ್ಲೋರಿನ್ ವಾಸನೆ ಜೋರು. ಮಳೆಗಾಲದಲ್ಲಿ ನೀರು ಕೆಂಪಗೆ. ಅಂಗಡಿಯವರು ನೀಲಿ ಬಣ್ಣದ ಔಷಧ ಕೊಟ್ಟು, ನೀರು ಬದಲಿಸಿದಾಗಲೆಲ್ಲ ನಾಲ್ಕು ಹನಿ ಹಾಕಿ ಎಂದಿದ್ದಾರೆ. ಅಜ್ಜಿ ಸ್ಫಟಿಕ (ಆಲಂ) ತಿರುಗಿಸಿ ಹಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?
ಪಿಯು ವಿದ್ಯಾರ್ಥಿನಿ, ಧಾರವಾಡ

ಈ ವಿಷಯದಲ್ಲಿ ಇಬ್ಬರದೂ ಬೇಡ ತಂಗಿ.

ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಬರುವ ಮಲಪ್ರಭೆಯ ನೀರಾಗಲಿ, ಹುಬ್ಬಳ್ಳಿಯ ಕೆಲವು ಕಡೆ ಬರುವ ಕಲಘಟಗಿ ಕಡೆಯ ನೀರಸಾಗರದ ನೀರಾಗಲಿ, ಶುದ್ಧೀಕರಿಸಿ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಮನೆಯ ನಳದ ತನಕ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಕುಡಿಯುವ ನೀರಿನ ಮಾನದಂಡವೇ ಹೇಳುತ್ತದೆ. ನಮಗೆ ಅದು ಬೇಕು, ಇಲ್ಲದಿದ್ದರೆ ಕಾಯಿಲೆ. ಮೀನಿನ ಕಿವಿರನ್ನು ಅದೇ ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ನಳ ಐದಾರು ದಿನಕ್ಕೊಮ್ಮೆ ಬರುವುದು ಮನೆಮಂದಿಗೆಲ್ಲ ಕಷ್ಟವೇ. ಆದರೆ ಮೀನಿನ ಮಟ್ಟಿಗೆ ಅದರಲ್ಲೊಂದು ಅನುಕೂಲ ಇದೆ. ಹೇಗಿದ್ದರೂ ನೀರು ಹಿಡಿದಿಡುತ್ತೀರಿ. ಬಾಯಿ ಅಗಲವಾದ ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಮೇಲೆ ತೆಳು ಬಟ್ಟೆ ಕಟ್ಟಿ ತೆರೆದಿಟ್ಟರೆ ಒಂದೆರಡು ದಿನದಲ್ಲಿ ಕ್ಲೋರಿನ್ ತಾನೇ ಹೋಗುತ್ತದೆ. ಏರ್ ಪಂಪಿನ ಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟರೆ ಇನ್ನೂ ಬೇಗ. ಮುಚ್ಚಳ ಬಿಗಿದ ಸಿಂಟೆಕ್ಸ್‌ನಲ್ಲಿ ಅಷ್ಟು ಸಲೀಸಾಗಿ ಹೋಗುವುದಿಲ್ಲ, ಅದಕ್ಕೇ ಮೀನಿನ ಟ್ಯಾಂಕಿನ ನೀರಿಗೆ ಬೇರೆ ಬಕೆಟ್ ಇಡಿ. ಬಟ್ಟೆ ಕಟ್ಟುವುದನ್ನು ಮರೆಯಬೇಡಿ, ತೆರೆದ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಅರ್ಜೆಂಟ್ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ನಿಮಿಷಗಳಲ್ಲೇ ಕ್ಲೋರಿನ್ ಕಟ್ಟಿಹಾಕುತ್ತದೆ. ಮನೆಯವರು ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರವಂತೂ ಇದಿಲ್ಲದೆ ನೀರು ಮುಟ್ಟಲೇಬೇಡಿ.

ಅಂಗಡಿಯ ಆ ನೀಲಿ ಬಾಟಲಿಯ ಲೇಬಲ್ ಓದಿ. ಬೆರಳಿಗೆ ತಾಗಿದರೆ ದಿನವಿಡೀ ನೀಲಿ ಉಳಿಯುತ್ತದೆ ಅಂದರೆ ಅದು ಬಹುತೇಕ ಮೆಥಿಲೀನ್ ಬ್ಲೂ. ಅದು ಶಿಲೀಂಧ್ರ ಹಿಡಿದ ಮೀನನ್ನು ಬೇರೆ ಡಬ್ಬಿಯಲ್ಲಿಟ್ಟು ಉಪಚರಿಸುವ ಔಷಧ. ಕ್ಲೋರಿನ್ ತೆಗೆಯಲು ಹಾಕುವ ವಸ್ತು ಅಲ್ಲ. ಟ್ಯಾಂಕಿಗೆ ವಾರವಾರ ಹಾಕುತ್ತಾ ಹೋದರೆ ಒಳ್ಳೆ ಬ್ಯಾಕ್ಟೀರಿಯಾಕ್ಕೇ ಏಟು, ಗಾಜು ಅಂಟಿಸಿದ ಸಿಲಿಕೋನ್ ಕೂಡ ನೀಲಿಯಾಗುತ್ತದೆ. ರೋಗವಿಲ್ಲದ ಮೀನಿಗೆ ಔಷಧ ಹಾಕಿಸುವ ಈ ರೂಢಿ ನಿಲ್ಲಬೇಕು.

ಅಜ್ಜಿಯ ಸ್ಫಟಿಕ ರಾಡಿ ನೀರನ್ನು ತಿಳಿಗೊಳಿಸುವುದು ನಿಜ, ಕೊಡದ ನೀರಿಗೆ ಅದನ್ನು ತಿರುಗಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆದರೆ ಅದು ನೀರಿನ ಕ್ಷಾರ ಗುಣವನ್ನು ತಿನ್ನುತ್ತದೆ, ಜಾಸ್ತಿಯಾದರೆ ಅಲ್ಯೂಮಿನಿಯಂ ಉಳಿದು ಮೀನಿನ ಕಿವಿರಿಗೆ ತೊಂದರೆ. ಕೆಂಪು ನೀರನ್ನು ಎರಡು ದಿನ ಅಲುಗಾಡಿಸದೆ ಬಿಟ್ಟು ಮೇಲಿನದನ್ನು ಮಾತ್ರ ಬಸಿದುಕೊಳ್ಳಿ, ಬೇಕಾದರೆ ದಪ್ಪ ಬಟ್ಟೆಯಲ್ಲಿ ಸೋಸಿ. ಇನ್ನೊಂದು ಮಾತು, ಮನೆಯಲ್ಲಿ ತಾಮ್ರದ ಹಂಡೆಯೋ ಕೊಡವೋ ಇದ್ದರೆ ಆ ನೀರನ್ನು ನೀವು ಕುಡಿಯಿರಿ, ಟ್ಯಾಂಕಿಗೆ ಹಾಕಬೇಡಿ. ನೀರಿನಲ್ಲಿ ಕರಗುವ ತಾಮ್ರ ಬಸವನಹುಳು, ಸೀಗಡಿಗಳಿಗೆ ವಿಷ, ಮೀನಿಗೂ ಒಳ್ಳೆಯದಲ್ಲ.

ಬೆಟಗೇರಿಯಲ್ಲಿ ನಮ್ಮ ಮನೆಗೆ ಬೋರ್ ನೀರೇ ಗತಿ. ಪೂರ್ತಿ ಸವಳು. ಟ್ಯಾಂಕಿನ ಗಾಜಿಗೆ ಬಿಳಿ ಪಟ್ಟಿ ಕಟ್ಟಿದೆ. ಗಪ್ಪಿ ಮರಿ ಹಾಕುತ್ತಲೇ ಇವೆ, ನಿಯಾನ್ ಟೆಟ್ರಾ ಮಾತ್ರ ಎಷ್ಟು ಸಲ ತಂದರೂ ವಾರ ದಾಟುವುದಿಲ್ಲ. ಆರ್‌ಓ ನೀರು ತುಂಬಲೇ? ಆರ್‌ಓದಿಂದ ಹೊರಬೀಳುವ ವೇಸ್ಟ್ ನೀರನ್ನೂ ಬಕೆಟ್‌ನಲ್ಲಿ ಹಿಡಿಯುತ್ತೇವೆ, ಅದಾದರೂ ಬಳಸಬಹುದೇ? ಟಿಡಿಎಸ್ ಮೀಟರ್ ಇದೆ.
ಅಂಗಡಿ ಮಾಲೀಕರು, ಗದಗ-ಬೆಟಗೇರಿ

ನಿಮ್ಮ ಪ್ರಶ್ನೆಗೆ ಗಪ್ಪಿಗಳೇ ಉತ್ತರ ಕೊಟ್ಟಿವೆ ನೋಡಿ ಸರ್. ಗಪ್ಪಿ, ಮೋಲಿ, ಪ್ಲಾಟಿ ಗಡಸು ನೀರನ್ನು ಇಷ್ಟಪಡುವ ಮೀನುಗಳು. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಕಡೆಯ ಮೆದು, ಸ್ವಲ್ಪ ಹುಳಿ ಗುಣದ ನೀರು. ಅದನ್ನು ಗದಗಿನ ಬೋರ್ ನೀರಿಗೆ ಇಳಿಸಿದರೆ ವಾರ ಬದುಕಿದ್ದೇ ದೊಡ್ಡದು. ಮೀನಿಗೆ ತಕ್ಕ ನೀರು ಮಾಡಲು ಹೊರಡುವ ಮೊದಲು, ಇರುವ ನೀರಿಗೆ ತಕ್ಕ ಮೀನು ಆರಿಸಿಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ. ಮೋಲಿಯಲ್ಲೇ ಕಪ್ಪು, ಬಿಳಿ, ಬಂಗಾರದ ಬಣ್ಣ ಎಲ್ಲ ಸಿಗುತ್ತವೆ, ಟ್ಯಾಂಕ್ ತುಂಬಾ ಚೆಂದ ಕಾಣುತ್ತದೆ.

ಬರೀ ಆರ್‌ಓ ನೀರು ತುಂಬಬೇಡಿ. ಅದರಲ್ಲಿ ಲವಣ ತೀರಾ ಕಡಿಮೆ, ಪಿಎಚ್ (ನೀರಿನ ಹುಳಿ-ಕ್ಷಾರ ಗುಣದ ಅಳತೆ) ಹಿಡಿದಿಡುವ ಶಕ್ತಿ ಇರುವುದಿಲ್ಲ, ಕೆಲ ದಿನದಲ್ಲಿ ಪಿಎಚ್ ಧಡಕ್ಕನೆ ಬೀಳಬಹುದು. ಬೆರೆಸಿ. ನಿಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವುದರ ಒಟ್ಟು ಅಳತೆ, 1200 ಇದ್ದು ಆರ್‌ಓದ್ದು 40 ಇದೆ ಎಂದುಕೊಳ್ಳಿ, ಒಂದು ಪಾಲು ಬೋರ್‌ಗೆ ಮೂರು ಪಾಲು ಆರ್‌ಓ ಬೆರೆಸಿದರೆ 330ರ ಹತ್ತಿರ ಬರುತ್ತದೆ, ಹೆಚ್ಚಿನ ಮೀನುಗಳಿಗೆ ಸಾಕು. ಮನೆಯಲ್ಲಿ ಆರ್‌ಓ ಇಲ್ಲದವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ತಂದರೂ ಆಯಿತು. ಬದಲಾವಣೆ ಮಾತ್ರ ಒಂದೇ ದಿನ ಮಾಡಬೇಡಿ, ವಾರವಾರ ಒಂದೊಂದು ಕೊಡದಂತೆ ಬೆರಕೆ ನೀರಿಗೆ ಬನ್ನಿ. ವೇಸ್ಟ್ ನೀರು ಬೇಡವೇ ಬೇಡ, ಆರ್‌ಓ ಹೊರಗೆ ತಳ್ಳಿದ ಲವಣವೆಲ್ಲ ಇರುವುದು ಅದರಲ್ಲೇ. ನೆಲ ಒರೆಸಲು ಇಟ್ಟುಕೊಳ್ಳಿ.

ಬಿಳಿ ಪಟ್ಟಿಯ ವಿಷಯ ಮುಖ್ಯ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಇಳಿದಾಗ ಆವಿಯಾಗುವುದು ನೀರೊಂದೇ, ಸುಣ್ಣ, ಲವಣ ಎಲ್ಲ ಅಲ್ಲೇ ಉಳಿಯುತ್ತವೆ. ಇಳಿದಷ್ಟನ್ನು ಮತ್ತೆ ಬೋರ್ ನೀರಿನಿಂದಲೇ ತುಂಬಿಸುತ್ತಾ ಹೋದರೆ ಎರಡು ತಿಂಗಳಲ್ಲಿ ಟ್ಯಾಂಕಿನ ನೀರು ಬೋರ್‌ಗಿಂತ ಸವಳಾಗುತ್ತದೆ. ಆವಿಯಾದಷ್ಟನ್ನು ತುಂಬಿಸಲು ಮಾತ್ರ ಬರೀ ಆರ್‌ಓ ನೀರು ಹಾಕಿ. ಮೇಲಿಂದ ತುಂಬಿಸಿದ್ದನ್ನೇ ನೀರು ಬದಲಿಸಿದ್ದು ಅಂತ ಲೆಕ್ಕ ಹಿಡಿಯಬೇಡಿ, ಹಳೆ ನೀರು ತೆಗೆದರೆ ಮಾತ್ರ ಬದಲಿಸಿದ ಹಾಗೆ.

ಟಿಡಿಎಸ್ ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂಬ ಅಂದಾಜು ಕೊಡುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. 250 ತೋರಿಸಿದರೂ ಅದರಲ್ಲಿ ಮೀನು ಕೊಲ್ಲುವಷ್ಟು ಅಮೋನಿಯಾ ಇರಬಹುದು. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ, ನೈಟ್ರೈಟ್ ಟೆಸ್ಟ್ ಕಿಟ್ ಒಂದು ತರಿಸಿಕೊಳ್ಳಿ. ಬೋರ್ ನೀರಿನವರಿಗೆ ಇದು ಇನ್ನೂ ಜರೂರು, ಯಾಕೆಂದರೆ ಪಿಎಚ್ ಜಾಸ್ತಿಯಿದ್ದಷ್ಟೂ ಅಮೋನಿಯಾದ ವಿಷ ಜಾಸ್ತಿ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದ್ದು ಶೇಕಡಾ 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇಕಡಾ 5ರಷ್ಟು. ಕಿಟ್‌ನಲ್ಲಿ ಅದೇ ಬಣ್ಣ, ಪಿಎಚ್ 7ರ ನೀರಿನಲ್ಲಿ ಮೀನು ತಡೆದುಕೊಂಡೀತು, ನಿಮ್ಮಲ್ಲಿ ಸತ್ತೀತು.

ಗೋಲ್ಡ್ ಫಿಶ್ ಅನ್ನು ದುಂಡನೆ ಬೌಲ್‌ನಲ್ಲಿ ಟೇಬಲ್ ಮೇಲೆ ಇಡಬಹುದಾ?
ಬ್ಯಾಂಕ್ ಉದ್ಯೋಗಿ, ಹಾವೇರಿ

ಬೇಡ. ಗೋಲ್ಡ್ ಫಿಶ್ ಬಹಳ ಹೊಲಸು ಮಾಡುವ, ದೊಡ್ಡದಾಗಿ ಬೆಳೆಯುವ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುವ ಮೀನು. ಐದು ಲೀಟರ್ ನೀರಿನಲ್ಲಿ ಅದರ ಅಮೋನಿಯಾ ಏರಲು ಒಂದು ದಿನ ಸಾಕು. ಟೇಬಲ್ ಮೇಲೆಯೇ ಬೇಕೆಂದರೆ 20 ಲೀಟರಿನ ಚಿಕ್ಕ ಟ್ಯಾಂಕ್, ಸಣ್ಣ ಸ್ಪಾಂಜ್ ಫಿಲ್ಟರ್, ಒಂದೇ ಒಂದು ಫೈಟರ್ ಮೀನು. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಹಾಗಂತ ಅಮೋನಿಯಾ ಅದನ್ನು ಬಿಡುವುದಿಲ್ಲ, ಫಿಲ್ಟರ್ ತಪ್ಪಿಸಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಜಾವ ಎದ್ದು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವೆ. ಕರೆಂಟ್ ಹೋದ ರಾತ್ರಿಯಂತೂ ಇನ್ನೂ ಕಷ್ಟ. ಕಳೆದ ತಿಂಗಳು ಕರೆಂಟ್ ಇದ್ದೂ ಒಂದೇ ರಾತ್ರಿ ಆರು ಮೀನು ಹೋದವು. ಟೆಸ್ಟ್ ಮಾಡಿದರೆ ಅಮೋನಿಯಾ ಸೊನ್ನೆ.
ಶಿಕ್ಷಕರು, ರಾಣೇಬೆನ್ನೂರು

ಸರ್, ಬೇಸಿಗೆಯ ತೊಂದರೆ ಆಮ್ಲಜನಕದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಬಿಸಿಯಲ್ಲಿ ಮೀನಿಗೆ ಬೇಕಾಗುವುದು ಜಾಸ್ತಿ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ತೀರಾ ತಳ ಮುಟ್ಟುತ್ತದೆ. ನೀರಿನ ಮಟ್ಟ ಎರಡು ಇಂಚು ಇಳಿಸಿ, ಫಿಲ್ಟರಿನ ನೀರು ಮೇಲಿಂದ ಸದ್ದು ಮಾಡಿ ಬೀಳುವಂತೆ ಮಾಡಿ. ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹಾಕಿ, ಫ್ಯಾನ್ ಗಾಳಿ ನೀರಿನ ಮೇಲೆ ಹಾಯಲಿ. ಐಸ್ ತುಂಡು ಸುರಿಯಬೇಡಿ, ಒಮ್ಮೆಲೇ ತಂಪಾದರೂ ಮೀನು ತಡೆಯುವುದಿಲ್ಲ. ಕರೆಂಟ್ ಹೋದಾಗಿನ ಮಟ್ಟಿಗೆ, ಪವರ್ ಬ್ಯಾಂಕ್‌ನಿಂದ ನಡೆಯುವ ಸಣ್ಣ ಯುಎಸ್‌ಬಿ ಏರ್ ಪಂಪ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಅದೂ ಇಲ್ಲದ ರಾತ್ರಿ ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಮೇಲಿಂದ ಸುರಿಯಿರಿ, ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ಸಲ. ಕರೆಂಟ್ ಬರುವವರೆಗೆ ಕಾಳು ಹಾಕಬೇಡಿ.

ಆರು ಮೀನು ಹೋದ ರಾತ್ರಿಯದು ಬೇರೆ ಅನಿಸುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದಿರಾ? ಸ್ಪ್ರೇ ಹೊಡೆದಿದ್ದಿರಾ? ಅಥವಾ ಓಣಿಯಲ್ಲಿ ಹೊಗೆ ಬಿಡುವ ಗಾಡಿ ಬಂದಿತ್ತಾ? ಸೊಳ್ಳೆ ಬತ್ತಿ, ಲಿಕ್ವಿಡ್, ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಮನುಷ್ಯರಿಗೆ ಅಷ್ಟಾಗಿ ತಾಗದ ಪ್ರಮಾಣವೂ ಮೀನಿಗೆ ಕಡು ವಿಷ. ಏರ್ ಪಂಪ್ ಇಡೀ ರಾತ್ರಿ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತಿರುತ್ತದೆ. ಮನೆಗಳಲ್ಲಿ ಅಮೋನಿಯಾ ಸರಿಯಿದ್ದೂ ಒಂದೇ ರಾತ್ರಿ ಮೀನೆಲ್ಲ ಹೋಯಿತು ಅಂದರೆ ನಾನು ಮೊದಲು ಕೇಳುವುದು ಇದನ್ನೇ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆ ಕಟ್ಟಿಕೊಳ್ಳಿ, ಕಿಟಕಿಗೆ ಜಾಳಿಗೆ ಹಾಕಿಸಿ. ಹೊಗೆ ಗಾಡಿ ಬಂದರೆ ಕಿಟಕಿ ಮುಚ್ಚಿ, ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿ, ಹೊಗೆ ಹೋಗುವ ತನಕ ಪಂಪ್ ನಿಲ್ಲಿಸಿ.

ನೀರು ಪಚ್ಚೆ ಬಣ್ಣಕ್ಕೆ ತಿರುಗಿದೆ, ಮೀನು ಕಾಣುವುದೇ ಇಲ್ಲ. ಬದಲಿಸಿದರೆ ನಾಲ್ಕೇ ದಿನಕ್ಕೆ ಮತ್ತೆ ಹಸಿರು.
ಓದುಗರು, ಬ್ಯಾಡಗಿ

ಟ್ಯಾಂಕ್ ಕಿಟಕಿ ಪಕ್ಕ ಇದೆ, ಅಲ್ವಾ? ಬಿಸಿಲು ಮತ್ತು ಜಾಸ್ತಿ ಕಾಳು ಸೇರಿದರೆ ಪಾಚಿ. ಮೀನಿಗೆ ಅದರಿಂದ ನೇರ ಅಪಾಯವಿಲ್ಲ, ಆದರೆ ರಾತ್ರಿ ಆಮ್ಲಜನಕ ಕಡಿಮೆಯಾಗುತ್ತದೆ. ಜಾಗ ಬದಲಿಸಿ. ಮೂರು ದಿನ ದಪ್ಪ ಚಾದರ ಹೊದಿಸಿ ಕತ್ತಲು ಮಾಡಿ, ಏರ್ ಪಂಪ್ ನಡೆಯುತ್ತಿರಲಿ. ಆಮೇಲೆ ಕಾಲು ಭಾಗ ನೀರು ತೆಗೆಯಿರಿ. ಲೈಟ್ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು.

ವರ್ಗವಾಗಿದೆ, ಟ್ಯಾಂಕ್ ಒಯ್ಯಲು ಆಗುವುದಿಲ್ಲ. ಗಪ್ಪಿಗಳು ನೂರಾರು ಆಗಿವೆ, ಒಂದು ದೊಡ್ಡ ಸಕ್ಕರ್ ಮೀನೂ ಇದೆ. ಕೊಂದ ಪಾಪ ಬೇಡ ಅಂತ ಕೆಲಗೇರಿ ಕೆರೆಗೆ ಬಿಡಬೇಕು ಅಂದುಕೊಂಡಿದ್ದೇವೆ. ಸರಿಯೇ?
ನಿವೃತ್ತಿ ಹತ್ತಿರವಿರುವ ನೌಕರರು, ಧಾರವಾಡ

ದಯವಿಟ್ಟು ಬಿಡಬೇಡಿ. ಕೆಲಗೇರಿಗಾಗಲಿ, ಉಣಕಲ್ ಕೆರೆಗಾಗಲಿ, ಗದಗಿನ ಭೀಷ್ಮ ಕೆರೆಗಾಗಲಿ, ಹಾವೇರಿಯ ಹೆಗ್ಗೇರಿಗಾಗಲಿ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಮೈಮೇಲೆ ಗಟ್ಟಿ ಕವಚ, ಆಮ್ಲಜನಕ ಇಲ್ಲದ ಹೊಲಸು ನೀರಿನಲ್ಲೂ ಬದುಕುತ್ತದೆ, ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಮನೆಯಿಂದ ಹೀಗೆ ಬಿಟ್ಟ ಸಕ್ಕರ್‌ಗಳೇ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಹೆಚ್ಚಿಕೊಂಡು ಮೀನುಗಾರರ ಬಲೆ ಹರಿಯುತ್ತಿವೆ, ಊರ ಮೀನುಗಳ ಆಹಾರ ತಿನ್ನುತ್ತಿವೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ಗಪ್ಪಿ ಬಿಡುತ್ತದಲ್ಲ ಅಂತ ನೀವು ಕೇಳಬಹುದು. ಅದು ಜಾಗ ನೋಡಿ ಮಾಡುವ ಕೆಲಸ, ನಾವು ಮಾಡುವುದಲ್ಲ.

ಗಪ್ಪಿಗಳನ್ನು ಹತ್ತಿರದ ಶಾಲೆಗೆ, ಮೀನು ಸಾಕುವ ಮನೆಗಳಿಗೆ, ಅಕ್ವೇರಿಯಂ ಅಂಗಡಿಗೆ ಕೊಡಿ. ಪುಕ್ಕಟೆ ಕೊಟ್ಟರೆ ಅಂಗಡಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಸಕ್ಕರ್‌ಗೆ ದೊಡ್ಡ ಟ್ಯಾಂಕ್ ಇರುವವರನ್ನೇ ಹುಡುಕಬೇಕು, ಅದಕ್ಕೆ ಎರಡು ಮೂರು ವಾರ ಬೇಕಾಗಬಹುದು, ಹಾಗಾಗಿ ಈಗಲೇ ಕೇಳಲು ಶುರು ಮಾಡಿ. ಒಯ್ಯುವ ಹಿಂದಿನ ದಿನ ಕಾಳು ಹಾಕಬೇಡಿ, ದಾರಿಯಲ್ಲಿ ನೀರು ಕೆಡುವುದು ಕಡಿಮೆಯಾಗುತ್ತದೆ. ಕವರಿನಲ್ಲಿ ಮೂರನೇ ಒಂದು ಭಾಗ ಟ್ಯಾಂಕಿನದೇ ನೀರು, ಉಳಿದದ್ದು ಗಾಳಿ. ಸಕ್ಕರ್‌ಗೆ ಮಾತ್ರ ಕವರ್ ಬೇಡ, ಅದರ ಮುಳ್ಳು ಚುಚ್ಚಿ ಹರಿಯುತ್ತದೆ, ಮುಚ್ಚಳವಿರುವ ಬಕೆಟ್‌ನಲ್ಲೇ ಒಯ್ಯಿರಿ. ತೆಗೆದುಕೊಳ್ಳುವವರಿಗೆ ಫಿಲ್ಟರಿನ ಸ್ಪಾಂಜನ್ನೂ ತೊಳೆಯದೆ, ಒದ್ದೆಯಾಗಿಯೇ ಕೊಟ್ಟುಬಿಡಿ.